ಬೆಂಕಿ ಪಕ್ಕದ ಜಾಗ ಬೇಕಾದರೆ ಹನ್ನೆರಡಕ್ಕೇ ಹೋಗಿ

ತೀರ್ಥಹಳ್ಳಿಯಿಂದ ಅಪ್ಪ ಮ್ಯಾಂಚೆಸ್ಟರ್‌ಗೆ ಬಂದದ್ದು ಡಿಸೆಂಬರಿನಲ್ಲಿ. ಮಂಕಿ ಕ್ಯಾಪ್ ಹಾಕಿಕೊಂಡು ರೇಡಿಯೇಟರ್‌ಗೆ ಬೆನ್ನು ಕೊಟ್ಟು ಕೂತು, "ಎಂಥ ಮಾರಾಯ, ಬಿಸಿ ಬರ್ತದೆ, ಬೆಂಕಿಯೇ ಕಾಣುದಿಲ್ಲ" ಎಂದು ಗೊಣಗುತ್ತಿದ್ದರು. ಬೆಂಕಿ ತೋರಿಸಲೆಂದೇ ಒಂದು ಶನಿವಾರ ಈಡೇಲ್‌ಗೆ ಕರೆದುಕೊಂಡು ಹೋದೆ.

ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನ ಈ ಹಳ್ಳಿಗೆ ಕಾರು ಬೇಡ. ಮ್ಯಾಂಚೆಸ್ಟರ್‌ನಿಂದ ಶೆಫೀಲ್ಡ್ ಕಡೆಗೆ ನಿಂತು ನಿಂತು ಹೋಗುವ ರೈಲು ಹತ್ತಿದರೆ ಸುಮಾರು ಮುಕ್ಕಾಲು ಗಂಟೆ. ವೇಗದ ರೈಲುಗಳು ಇಲ್ಲಿ ನಿಲ್ಲುವುದಿಲ್ಲ, ನೋಡಿ ಹತ್ತಿ. ನಿಲ್ದಾಣದಿಂದ ಕಾಲು ಗಂಟೆ ನಡೆದರೆ ಓಲ್ಡ್ ನ್ಯಾಗ್ಸ್ ಹೆಡ್ ಪಬ್. 1577ರ ಕಟ್ಟಡ ಎನ್ನುತ್ತಾರೆ. 1965ರಲ್ಲಿ ತೆರೆದ ಪೆನೈನ್ ವೇ ಕಾಲುದಾರಿ ಶುರುವಾಗುವುದು ಇಲ್ಲಿಂದಲೇ. 268 ಮೈಲಿ ನಡೆದರೆ ಸ್ಕಾಟ್ಲೆಂಡ್ ಮುಟ್ಟುತ್ತೀರಿ. ನಾವು ನಡೆದದ್ದು ಅರ್ಧ ಮೈಲಿ.

ಒಳಗೆ ಕಲ್ಲಿನ ಗೂಡಿನಲ್ಲಿ ಸೌದೆ ಉರಿಯುತ್ತಿತ್ತು. ಅಪ್ಪ ಕೈ ಕಾಯಿಸಿದ್ದು ಎರಡೇ ನಿಮಿಷ. ಒಂದು ಕೊಳ್ಳಿ ಪಕ್ಕಕ್ಕೆ ಜಾರಿ ಬರೀ ಹೊಗೆಯಾಡುತ್ತಿತ್ತು. ಐವತ್ತು ವರ್ಷ ಬಚ್ಚಲ ಒಲೆಗೆ ಸೌದೆ ಒಟ್ಟಿದ ಕೈ ಸುಮ್ಮನಿರುತ್ತದೆಯೇ? ನಾನು ಬೇಡವೆನ್ನುವುದರೊಳಗೆ ಇಕ್ಕಳ ಹಿಡಿದು ಕೊಳ್ಳಿಯನ್ನು ಒಳಕ್ಕೆ ನೂಕಿ, ಕೆಳಗಿನ ಬೂದಿ ಕೆದಕಿ ಗಾಳಿಗೆ ದಾರಿ ಮಾಡಿಬಿಟ್ಟರು. ಭಗ್ಗೆಂದು ಹತ್ತಿಕೊಂಡಿತು. ಕೌಂಟರಿನ ಹುಡುಗಿ ನಕ್ಕಳು, ಆದರೂ ಬಂದು ಇಕ್ಕಳವನ್ನು ಆಚೆ ಇಟ್ಟು ಹೋದಳು. ನೀವು ಕೇಳದೆ ಮುಟ್ಟಬೇಡಿ. ಬೆಂಕಿ ನೋಡಿಕೊಳ್ಳುವುದು ಅವರ ಕೆಲಸ.

ಒಲೆಯ ಪಕ್ಕದ ಜಾಗ ಸಾಮಾನ್ಯವಾಗಿ ಮೊದಲು ಬಂದವರಿಗೆ. ಮಧ್ಯಾಹ್ನ ಹನ್ನೆರಡಕ್ಕೇ ಹೋಗಿ. ಚಳಿಗಾಲದಲ್ಲಿ ಕೆಲವು ಹಳ್ಳಿ ಪಬ್‌ಗಳು ವಾರದ ನಡುವೆ ಬಾಗಿಲು ಹಾಕುತ್ತವೆ, ಫೋನ್ ಮಾಡಿ ಹೊರಡಿ. ಅಡುಗೆಮನೆಯ ಸಮಯವನ್ನೂ ಕೇಳಿ, ಅದು ಬೇರೆಯೇ ಇರುತ್ತದೆ. ಹಿಂದೊಮ್ಮೆ ಇನ್ನೊಂದು ಊರಿನಲ್ಲಿ ಎರಡೂಮುಕ್ಕಾಲಿಗೆ ಹೋಗಿ, ಚಿಪ್ಸ್ ಪೊಟ್ಟಣವನ್ನೇ ಊಟವೆಂದುಕೊಂಡು ತಿಂದೆ.

ಟೇಬಲ್ಲಿಗೆ ಯಾರೋ ಬರುತ್ತಾರೆಂದು ಕಾಯಬೇಡಿ. ಟೇಬಲ್ ನಂಬರ್ ನೆನಪಿಟ್ಟುಕೊಂಡು ಕೌಂಟರಿಗೆ ಹೋಗಿ ಹೇಳಿ, ದುಡ್ಡು ಅಲ್ಲೇ ಕೊಡಬೇಕು. ಕೈಪಂಪಿನಿಂದ ಸೇದುವ ಏಲ್ ಎಂಬ ಬಿಯರ್ 12 ಡಿಗ್ರಿ ಆಸುಪಾಸು ಇರುತ್ತದೆ. ಬೆಂಗಳೂರಿನ ಪಬ್ಬಿನ ಹಾಗೆ ಹಲ್ಲು ಜುಮ್ಮೆನ್ನುವುದಿಲ್ಲ, ಬಿಸಿಯಾಗಿದೆ ಎಂದು ವಾಪಸು ಕೊಡಬೇಡಿ. ಒಂದು ಪೈಂಟ್ ಅಂದರೆ 568 ಮಿಲಿ, ಅರ್ಧವೂ ಕೊಡುತ್ತಾರೆ. ಕುಡಿಯದ ಅಪ್ಪನಿಗೆ ಜಿಂಜರ್ ಬಿಯರ್ ಹೇಳಿದಾಗ ಹೌಹಾರಿದರು. ಸಾಮಾನ್ಯವಾಗಿ ಅದು ಶುಂಠಿ ಸೋಡಾ ಅಷ್ಟೆ. ಅಮಲಿನದೂ ಉಂಟು, ಕೇಳಿ ತೆಗೆದುಕೊಳ್ಳಿ. ಸಸ್ಯಾಹಾರಿಗಳು ಸೂಪಿನ ಸಾರ ಯಾವುದರದ್ದು, ಆಲೂಗಡ್ಡೆ ಕರಿದದ್ದು ಮೀನು ಕರಿದ ಎಣ್ಣೆಯಲ್ಲೇ ಎಂದು ವಿಚಾರಿಸಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಗಟ್ಟಿ ಕಾಲಿನವರು ಬೆಳಿಗ್ಗೆಯೇ ಹಾಲಿನ್ಸ್ ಕ್ರಾಸ್ ಎಂಬ ಗುಡ್ಡ ಏರಿ ಆಚೆ ಇಳಿದು ಕ್ಯಾಸಲ್ಟನ್‌ಗೆ ಹೋಗಬಹುದು, ಸುಮಾರು 5 ಕಿ.ಮೀ. ಹಿಂದೆ ಈಡೇಲ್‌ನವರು ಹೆಣ ಹೊತ್ತು ಹೋಪ್ ಊರಿನ ಚರ್ಚಿಗೆ ದಾಟುತ್ತಿದ್ದ ದಾರಿ ಅದು. ಕ್ಯಾಸಲ್ಟನ್‌ನಲ್ಲಿ ಪಬ್‌ಗಳು ಸಾಲಾಗಿವೆ. ಆದರೆ ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಊಟವಾದ ಮೇಲೆ ಗುಡ್ಡ ಹತ್ತುವ ಯೋಚನೆ ಬಿಡಿ. ಕೆಸರು ಪಾದದಿಂದ ಮೊಣಕಾಲಿನವರೆಗೆ ಗ್ಯಾರಂಟಿ. ಶೂ ಬಾಗಿಲಲ್ಲಿ ಬಿಡಲು ಹೇಳಬಹುದು, ತೂತಿಲ್ಲದ ಒಣ ಕಾಲುಚೀಲ ಒಂದು ಜೊತೆ ಇರಲಿ.

ಇನ್ನೊಂದು ಮಾತು. ಈಗ ಹಲವು ಕಡೆ ತೆರೆದ ಗೂಡಿನ ಬದಲು ಗಾಜಿನ ಬಾಗಿಲಿನ ಸ್ಟೌವ್ ಇಟ್ಟಿದ್ದಾರೆ. ಬಿಸಿ ಹೆಚ್ಚು, ಸೌದೆ ಉಳಿತಾಯ. ತೆರೆದ ಬೆಂಕಿಯೇ ಬೇಕಾದರೆ ಹೊರಡುವ ಮುಂಚೆ ಪಬ್ಬಿನ ಫೋಟೊ ನೋಡಿಕೊಳ್ಳಿ. ಮರುವಾರ ಅಂಥದ್ದೊಂದರ ಮುಂದೆ ಕೂರಿಸಿದ್ದಕ್ಕೆ ಅಪ್ಪ ಕೇಳಿದ್ದು, "ಇದು ಟೀವಿಯನಾ?"