ಪೈನ್ ಮರಕ್ಕೆ ದ್ರಾಕ್ಷಿ ಚಾಟನಿ

ಕಾಲೇಜಿನ ಮೂರನೇ ವರ್ಷ ನಮಗೆ ಲ್ಯಾಂಡ್‌ಸ್ಕೇಪ್, ಅಂದರೆ ತೋಟ ವಿನ್ಯಾಸದ ಪೇಪರ್ ಇತ್ತು. ಅದರಲ್ಲಿ ಜಪಾನಿ ತೋಟಕ್ಕೆ ಸಿಕ್ಕಿದ್ದು ಒಂದೂವರೆ ಪುಟದ ನೋಟ್ಸ್. ಗುಡ್ಡದ ತೋಟ, ಸಮತಟ್ಟು ತೋಟ, ಚಹಾ ತೋಟ ಅಂತ ಮೂರು ಬಗೆ. ಜೊತೆಗೆ ಕಲ್ಲಿನ ದೀಪ, ಕೊಳ, ಪುಟ್ಟ ಸೇತುವೆ. ಐದು ಮಾರ್ಕಿನ ಪ್ರಶ್ನೆ ಬಂತು, ನನಗೆ ಐದಕ್ಕೆ ಐದು ಸಿಕ್ಕಿತು. ಸರ್ ಬೆನ್ನು ತಟ್ಟಿದರು. ಆ ಧೈರ್ಯದಲ್ಲೇ 2014ರಲ್ಲಿ ಕ್ಯೋಟೋಗೆ ಹೋದೆ. ಅಲ್ಲಿ ತೋಟ ನೋಡಿಕೊಳ್ಳುವ ಸಣ್ಣ ತಂಡವೊಂದರಲ್ಲಿ ಎರಡು ವರ್ಷ ಕಲಿಯುವ ಅವಕಾಶ ಸಿಕ್ಕಿತ್ತು.

ಧೈರ್ಯಕ್ಕೆ ಇನ್ನೊಂದು ಕಾರಣವೂ ಇತ್ತು. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮದು ದ್ರಾಕ್ಷಿ ತೋಟ. ಏಪ್ರಿಲ್‌ನಲ್ಲೊಂದು ಚಾಟನಿ (ಬಳ್ಳಿ ಸವರೋದು), ಅಕ್ಟೋಬರ್‌ನಲ್ಲೊಂದು. ಹತ್ತನೇ ವಯಸ್ಸಿಗೇ ಅಪ್ಪ ಕೈಗೆ ಕತ್ತರಿ ಕೊಟ್ಟಿದ್ದರು. ಗಿಡ ಸವರೋದನ್ನ ನನಗೆ ಯಾರು ಕಲಿಸಬೇಕು ಅನ್ನೋ ಜಂಬ.

ಅಲ್ಲಿ ಮೇಸ್ತ್ರಿಗೆ ‘ಒಯಾಕಾತಾ’ ಅನ್ನುತ್ತಾರೆ. ಮೇಸ್ತ್ರಿಯೂ ಹೌದು, ಗುರುವೂ ಹೌದು. ಮೊದಲ ದಿನ ಅವರು ನನಗೆ ಕೊಟ್ಟಿದ್ದು ಕತ್ತರಿಯಲ್ಲ, ಬಿದಿರು ಕಡ್ಡಿಯ ಪೊರಕೆ. ಮೂರು ತಿಂಗಳು ಗುಡಿಸಿದೆ. ಆಮೇಲೆ ಹಾವಸೆಯಲ್ಲಿ ಕಳೆ ಕೀಳುವ ಕೆಲಸ. ನಮ್ಮೂರಲ್ಲಿ ನೀರಿನ ತೊಟ್ಟಿ ಸುತ್ತ ಹಾವಸೆ ಕಂಡರೆ ಅವ್ವ ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು. ಇಲ್ಲಿ ಅದಕ್ಕೆ ಮಗುವಿನ ಆರೈಕೆ. ಕ್ಯೋಟೋದ ಸೈಹೋಜಿ ದೇವಾಲಯದಲ್ಲಿ ಸುಮಾರು 120 ಬಗೆಯ ಹಾವಸೆ ಇದೆ. ಜನ ತುಳಿದು ಹಾಳಾಗಬಾರದು ಅಂತ 1977ರಿಂದ ಮೊದಲೇ ಕೇಳಿಕೊಂಡವರನ್ನು ಮಾತ್ರ ಒಳಗೆ ಬಿಡುತ್ತಾರೆ.

ಕಳೆ ಕೀಳೋದು ಸುಲಭ ಅಂದುಕೊಂಡಿದ್ದೆ. ಸುಮ್ನೆ ಎಳೆದರೆ ಕಳೆಯ ಬೇರಿನ ಜೊತೆ ಅಂಗೈಯಗಲ ಹಾವಸೆ ಚಾಪೆ ಥರ ಎದ್ದು ಬರುತ್ತದೆ. ಎಡಗೈಯ ಎರಡು ಬೆರಳಿಂದ ಹಾವಸೆಯನ್ನು ಒತ್ತಿ ಹಿಡಿಯಬೇಕು. ನಡುವೆ ಕಳೆಯ ಬುಡ ಹಿಡಿದು ನೇರ ಮೇಲಕ್ಕೆ, ನಿಧಾನವಾಗಿ ಎಳೆಯಬೇಕು. ಹತ್ತು ಗಂಟೆಗೂ ಮೂರು ಗಂಟೆಗೂ ಚಹಾ ಬಿಡುವು. ಆಗ ಎದ್ದು ನಿಂತರೆ ಮಂಡಿ ನನ್ನದಲ್ಲ ಅನ್ನಿಸುತ್ತಿತ್ತು.

ಆಮೇಲೆ ಬಿದಿರು ಬೇಲಿ. ಅದಕ್ಕೆ ಮೊಳೆ ಕಡಿಮೆ, ಹಗ್ಗ ಜಾಸ್ತಿ. ತಾಳೆ ಜಾತಿಯ ಮರದ ನಾರಿನ ಕಪ್ಪು ಹಗ್ಗವನ್ನು ನೀರಲ್ಲಿ ನೆನೆಸಿ ಕಟ್ಟುತ್ತಾರೆ. ಒಣಗಿದ ಮೇಲೆ ಅದು ಬಿಗಿದುಕೊಳ್ಳುತ್ತದೆ. ಆ ಗಂಟಿನ ಹೆಸರು ‘ಒತೊಕೊ ಮುಸುಬಿ’, ಗಂಡಸಿನ ಗಂಟು! ನನ್ನದು ಎರಡು ವಾರ ಬಿಚ್ಚಿಕೊಳ್ಳುತ್ತಲೇ ಇತ್ತು. ಹಗ್ಗದ ಬಣ್ಣಕ್ಕೆ ಬೆರಳೆಲ್ಲ ಕಪ್ಪು. ವಿಡಿಯೋ ಕಾಲ್‌ನಲ್ಲಿ ಅವ್ವ, "ಕೈಗೆ ಏನಾಗೇತೋ?" ಅಂತ ಗಾಬರಿಯಾದಳು.

ಕೊನೆಗೂ ಪೈನ್ ಮರದ ಹತ್ತಿರ ಬಿಟ್ಟರು. ವಸಂತದಲ್ಲಿ ಮೇಣದ ಬತ್ತಿಯ ಹಾಗೆ ನಿಲ್ಲುವ ಎಳೆ ಚಿಗುರನ್ನು ಬೆರಳಲ್ಲೇ ಚಿವುಟಬೇಕು. ಚಳಿಗಾಲಕ್ಕೆ ಮುಂಚೆ ಹಳೆಯ ಸೂಜಿ ಎಲೆಗಳನ್ನು ಕೈಯಿಂದ ಉದುರಿಸಬೇಕು, ಒಳಗೆ ಬೆಳಕು ಇಳಿಯಲಿ ಅಂತ. ದೊಡ್ಡ ಮರವಾದರೆ ಇಬ್ಬರಿಗೆ ಇಡೀ ದಿನ. ವರ್ಷಕ್ಕೆರಡು ಸಲ, ಹೆಚ್ಚುಕಡಿಮೆ ನಮ್ಮ ದ್ರಾಕ್ಷಿ ಲೆಕ್ಕವೇ. ನಾನು ಎಡವಿದ್ದೂ ಅಲ್ಲೇ.

ಎರಡನೇ ವರ್ಷದ ಶರತ್ಕಾಲ. ಒಬ್ಬ ಅಜ್ಜಿಯ ಮನೆಯ ಪುಟ್ಟ ತೋಟ. ಕಪ್ಪು ಪೈನ್ ಮರದ ಕೆಳಗಿನ ಒಂದು ಕೊಂಬೆ ಉದ್ದವಾಯಿತು ಅನ್ನಿಸಿತು. ಎಲೆಯೇ ಇಲ್ಲದ ಬೋಳು ಜಾಗಕ್ಕೆ ಕತ್ತರಿ ಇಟ್ಟು ಕಚಕ್ ಅನಿಸಿದೆ. ದ್ರಾಕ್ಷಿಯಲ್ಲಿ ಒಂದೆರಡು ಕಣ್ಣು (ಚಿಗುರು ಮೊಗ್ಗು) ಇರುವ ಬೋಳು ಕಡ್ಡಿ ಉಳಿಸಿದರೂ ವಾರ ಎರಡು ವಾರದಲ್ಲಿ ಚಿಗುರು ಒಡೆಯುತ್ತದೆ. ಪೈನ್ ಹಾಗಲ್ಲ. ಹಸಿರು ಸೂಜಿ ಉಳಿಯದ ಕೊಂಬೆ ಚಿಗುರುವುದಿಲ್ಲ, ಒಣಗುತ್ತದೆ ಅಷ್ಟೇ.

ಒಯಾಕಾತಾ ಮೂರು ಕಾಲಿನ ಏಣಿ ಮೇಲಿದ್ದರು. ಅವರ ಕತ್ತರಿಯ ಸದ್ದು ನಿಂತಿತು. ಇಳಿದು ಬಂದರು. ಬೈತಾರೆ ಅಂತ ಕಾದೆ.

"ಎಲ್ಲಿ ನಿಂತು ನೋಡಿ ಕತ್ತರಿಸಿದೆ?"

"ಇಲ್ಲೇ, ಮರದ ಕೆಳಗೆ."

ಶೂ ಬಿಚ್ಚಿಸಿ ಮನೆಯೊಳಗೆ ಕರೆದೊಯ್ದರು. ಅಜ್ಜಿ ದಿನಾ ಕೂರುವ ಜಾಗದಲ್ಲಿ, ಚಾಪೆ ಮೇಲೆ ಕೂರಿಸಿದರು. ಅಲ್ಲಿಂದ ಕಂಡಿತು. ನಾನು ಕತ್ತರಿಸಿದ ಕೊಂಬೆಯ ಜಾಗದಲ್ಲಿ ಪಕ್ಕದ ಮನೆಯ ಏಸಿ ಡಬ್ಬಿ, ಬೆಳ್ಳಗೆ, ಫ್ಯಾನ್ ಸಮೇತ. ಅಷ್ಟು ವರ್ಷ ಆ ಕೊಂಬೆ ಅದನ್ನು ಮರೆಮಾಡಿತ್ತು. ಅದನ್ನು ಉದ್ದಕ್ಕೆ ಬಿಟ್ಟಿದ್ದೇ ಅದಕ್ಕೆ.

ಇಬ್ಬರೂ ಬಗ್ಗಿ ಕ್ಷಮೆ ಕೇಳಿದೆವು. ತಪ್ಪು ನನ್ನದು, ನನಗಿಂತ ಜಾಸ್ತಿ ಬಗ್ಗಿದ್ದು ಅವರು. ಅಜ್ಜಿ ಏನೂ ಅನ್ನಲಿಲ್ಲ, ಚಹಾ ಕೊಟ್ಟರು. ಅವತ್ತು ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಮಧ್ಯಾಹ್ನ ಒಯಾಕಾತಾ ಮೇಲಿನ ಕೊಂಬೆಯೊಂದಕ್ಕೆ ಬಿದಿರು ಗಳ ಕೊಟ್ಟು, ಅದೇ ಕಪ್ಪು ಹಗ್ಗದಿಂದ ಕೆಳಕ್ಕೆ ಎಳೆದು ಕಟ್ಟಿದರು. ಗಂಟು ಮಾತ್ರ ನನ್ನಿಂದಲೇ ಹಾಕಿಸಿದರು.

ಆ ಭಾನುವಾರ ನನ್ನನ್ನು ರ್ಯೋಆಂಜಿ ದೇವಾಲಯದ ಕಲ್ಲಿನ ತೋಟಕ್ಕೆ ಕಳಿಸಿದರು. "ಫೋಟೋ ತೆಗೀಬೇಡ, ಕೂತು ಬಾ" ಅಂದರು. ಬಿಳಿ ಜಲ್ಲಿಯ ಮೇಲೆ 15 ಕಲ್ಲು. ಜಗಲಿಯ ಈ ತುದಿಯಿಂದ ಎಣಿಸಿದೆ, 14. ಆ ತುದಿಗೆ ಸರಿದು ಎಣಿಸಿದೆ, ಮತ್ತೆ 14. ಎಲ್ಲಿ ಕೂತರೂ ಒಂದು ಕಲ್ಲು ಇನ್ನೊಂದರ ಹಿಂದೆ ಅಡಗುತ್ತದೆ. ಹಿಂದಿನ ವರ್ಷವೂ ಬಂದಿದ್ದೆ, ಆದರೆ ಹತ್ತು ನಿಮಿಷದಲ್ಲಿ ಎದ್ದು ಹೋಗಿದ್ದೆ. ಈ ಸಲ ಏಸಿ ಡಬ್ಬಿ ನೆನಪಾಗುತ್ತಲೇ ಇತ್ತು. ಮಧ್ಯಾಹ್ನದವರೆಗೂ ಏಳಲಿಲ್ಲ.

ಈಗ ಬೆಂಗಳೂರಿನಲ್ಲಿ ತೋಟ ಮಾಡಿಕೊಡುತ್ತೇನೆ. ಜಪಾನಿ ತೋಟ ಬೇಕು ಅಂತ ಬರುವವರು ಬುದ್ಧನ ತಲೆ, ಕಲ್ಲಿನ ದೀಪ, ಕೆಂಪು ಸೇತುವೆ ಕೇಳುತ್ತಾರೆ. ಅವರ ತಪ್ಪಲ್ಲ ಬಿಡಿ, ನಾನೂ ಪರೀಕ್ಷೆಯಲ್ಲಿ ಅದನ್ನೇ ಬರೆದಿದ್ದೆ ಅಲ್ವಾ. ನಾನು ಮೊದಲು ಕೇಳೋದು, ಸೋಫಾ ಎಲ್ಲಿ ಇಡ್ತೀರಿ ಅಂತ. ತೋಟಕ್ಕೂ ಸೋಫಾಕ್ಕೂ ಏನು ಸಂಬಂಧ ಅಂತ ಮುಖ ನೋಡುತ್ತಾರೆ.

2019ರಲ್ಲಿ ಮತ್ತೆ ಕ್ಯೋಟೋಗೆ ಹೋದಾಗ ಒಯಾಕಾತಾ ಜೊತೆ ಅಜ್ಜಿ ಮನೆಗೂ ಹೋದೆ. ಬಿದಿರು ಗಳ ಬಿಚ್ಚಿಯಾಗಿತ್ತು. ಕೊಂಬೆ ಬಗ್ಗಿದ ಹಾಗೇ ನಿಂತಿತ್ತು, ತೊಗಟೆ ಮೇಲೆ ಹಗ್ಗದ ಗುರುತು. ಕೇಳದೆಯೇ ಹೋಗಿ ಅದೇ ಜಾಗದಲ್ಲಿ ಕೂತೆ. ಅಜ್ಜಿ ಚಹಾ ತಂದಿಟ್ಟು ಪಕ್ಕದಲ್ಲಿ ಕೂತರು. ಇಬ್ಬರೂ ಸ್ವಲ್ಪ ಹೊತ್ತು ಆ ಕಡೆಗೇ ನೋಡಿದೆವು.

"ಇನ್ನೂ ಅರ್ಧ ಕಾಣುತ್ತೆ" ಅಂದರು ಅಜ್ಜಿ.