ಗೋಧಿಯಿಲ್ಲದ ಪ್ಯಾನ್‌ಕೇಕಿಗೆ ಅರ್ಧ ಗಂಟೆಯ ಬಿಡುವು

ನನ್ನ ಮಗಳಿಗೆ ಏಳು ವರ್ಷವಾಗಿದ್ದಾಗ, ತಿಂಗಳುಗಟ್ಟಲೆ ಕಾಡಿದ ಹೊಟ್ಟೆನೋವು ಮತ್ತು ರಕ್ತಹೀನತೆಯ ಬಳಿಕ, ರಕ್ತಪರೀಕ್ಷೆ ಹಾಗೂ ಸಣ್ಣ ಕರುಳಿನ ಬಯಾಪ್ಸಿ ಮಾಡಿದ ವೈದ್ಯರು ಅವಳಿಗಿರುವುದು ಸೀಲಿಯಾಕ್ ಕಾಯಿಲೆ ಎಂದು ಖಚಿತಪಡಿಸಿದರು. ಗೋಧಿ, ಜವೆಗೋಧಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ಅವಳ ದೇಹದ ರೋಗನಿರೋಧಕ ವ್ಯವಸ್ಥೆಯೇ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಬದುಕಿರುವಷ್ಟು ಕಾಲ ಗ್ಲುಟೆನ್ ಬಿಡುವುದೇ ಇದಕ್ಕೆ ಚಿಕಿತ್ಸೆ. ಅನ್ನ, ಇಡ್ಲಿ, ಅಕ್ಕಿ ರೊಟ್ಟಿ, ರಾಗಿ ಮುದ್ದೆಗಳ ನಮ್ಮ ಮನೆಯಲ್ಲಿ ಊಟಕ್ಕೆ ದೊಡ್ಡ ತೊಂದರೆಯಾಗಲಿಲ್ಲ. ಅವಳು ಅತ್ತದ್ದು ಭಾನುವಾರ ಬೆಳಗಿನ ಪ್ಯಾನ್‌ಕೇಕಿಗಾಗಿ ಮತ್ತು ಸೋದರತ್ತೆಯ ಮನೆಗೆ ಹೋದಾಗಲೆಲ್ಲ ತಿನ್ನುತ್ತಿದ್ದ ವಾಫಲ್‌ಗಾಗಿ. ಅವೆರಡನ್ನೂ ಅವಳ ತಟ್ಟೆಗೆ ಮರಳಿ ತರಲು ನನಗೆ ಹತ್ತಿರಹತ್ತಿರ ಒಂದು ವರ್ಷ ಹಿಡಿಯಿತು. ಇದೇ ದಾರಿಯಲ್ಲಿರುವ ಇನ್ನೊಂದು ಮನೆಗೆ ಅಷ್ಟು ಕಾಲ ಹಿಡಿಯಬಾರದೆಂದು ಕಲಿತದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ನಾನು ಮಾಡಿದ್ದು ಮೈದಾ ಇದ್ದ ಕಡೆ ಅಷ್ಟೇ ಅಳತೆಯ ಅಕ್ಕಿ ಹಿಟ್ಟು ಹಾಕುವುದು. ಪ್ಯಾನ್‌ಕೇಕ್ ಮಗುಚುವಾಗಲೇ ಒಡೆಯಿತು, ಬಾಯಿಗೆ ಮರಳಿನಂತೆ ಸಿಕ್ಕಿತು, ಆರಿದ ಮೇಲೆ ಬಿರುಸಾಯಿತು. ಮೈದಾಕ್ಕೆ ನೀರು ಸೇರಿದಾಗ ಅದರಲ್ಲಿರುವ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಎಳೆದರೆ ಹಿಗ್ಗುವ ಬಲೆಯಾಗುತ್ತವೆ. ಬೇಕಿಂಗ್ ಪೌಡರ್ ಬಿಡುವ ಗಾಳಿಗುಳ್ಳೆಗಳನ್ನು ಆ ಬಲೆ ಹಿಡಿದಿಡುತ್ತದೆ. ಅಕ್ಕಿಯಲ್ಲಿ ಅಂಥ ಬಲೆ ಇಲ್ಲ, ಅದರ ಕಾಳಿನ ಚೂರುಗಳೂ ಮೈದಾದ ಚೂರುಗಳಿಗಿಂತ ಗಡುಸು. ಹಾಗಾಗಿ ಗ್ಲುಟೆನ್ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಪದಾರ್ಥ ವಹಿಸಿಕೊಳ್ಳಬೇಕು, ಗಡುಸು ಚೂರುಗಳು ಮೆತ್ತಗಾಗಲು ಸಮಯವನ್ನೂ ಕೊಡಬೇಕು.

ಸಮಯದ ಮಾತನ್ನು ಹೇಳಿದವರು ನನ್ನ ಅಮ್ಮ. ಒಂದು ಭಾನುವಾರ ಒಡೆದ ಪ್ಯಾನ್‌ಕೇಕಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡು, "ನಿನ್ನ ಹಿಟ್ಟು ಇನ್ನೂ ನೀರು ಕುಡಿದಿಲ್ಲ ಕಣೇ, ಕಲಸಿದ ತಕ್ಷಣ ಹುಯ್ದರೆ ಯಾವ ದೋಸೆ ತಾನೇ ಚೆನ್ನಾಗಿ ಬಂದೀತು?" ಎಂದರು. ನೀರುದೋಸೆಗೆ ಗಂಟೆಗಟ್ಟಲೆ ಅಕ್ಕಿ ನೆನೆಸುವ ಕೈಗೆ ಅದು ತೀರ ಸಹಜವಾಗಿ ಹೊಳೆಯುವ ಮಾತು. ನಾನು ಮಾತ್ರ ಪ್ಯಾನ್‌ಕೇಕನ್ನು ಮೈದಾದ ತಿಂಡಿಯೆಂದೇ ಭಾವಿಸಿ, ಮೈದಾದ ನಿಯಮಗಳನ್ನೇ ಅಕ್ಕಿಯ ಮೇಲೆ ಹೇರುತ್ತಿದ್ದೆ. ಅಂದಿನಿಂದ ಹಿಟ್ಟುಗಳನ್ನು ಮಜ್ಜಿಗೆಯಲ್ಲಿ ಕಲಸಿ ಅರ್ಧ ಗಂಟೆ ಮುಚ್ಚಿಡುತ್ತೇನೆ. ಆ ಅರ್ಧ ಗಂಟೆಯಲ್ಲಿ ಹಿಟ್ಟು ಕಣ್ಣಿಗೆ ಕಾಣುವಷ್ಟು ಗಟ್ಟಿಯಾಗುತ್ತದೆ, ಮರಳುಮರಳು ಹೋಗುತ್ತದೆ. ಈ ಒಂದು ಬದಲಾವಣೆಯಿಂದ ಆದಷ್ಟು ಸುಧಾರಣೆ, ನಾನು ದುಡ್ಡು ಕೊಟ್ಟು ತಂದ ಯಾವ ಪೊಟ್ಟಣದಿಂದಲೂ ಆಗಲಿಲ್ಲ.

ಅಂಟಿನ ಕೆಲಸಕ್ಕೆ ಬಹಳ ಜನ ಕ್ಸಾಂಥಾನ್ ಗಮ್ ಬಳಸುತ್ತಾರೆ. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಚಿಟಿಕೆ ಹೆಚ್ಚಾದರೆ ಪ್ಯಾನ್‌ಕೇಕ್ ಲೋಳೆಲೋಳೆಯಾಗುತ್ತದೆ. ನನಗೆ ಒಗ್ಗಿದ್ದು ಉದ್ದಿನ ಹಿಟ್ಟು. ಉದ್ದಿನಬೇಳೆಯನ್ನು ರುಬ್ಬುವಾಗ ಕೈಗೆ ಹತ್ತುವ ಲೋಳೆ ಅರಾಬಿನೊಗ್ಯಾಲಕ್ಟನ್ ಎಂಬ ಪಾಲಿಸ್ಯಾಕರೈಡಿನದು. ಅದು ಬೇಳೆಯ ಪ್ರೋಟೀನಿನ ಜೊತೆ ಸೇರಿ ಇಡ್ಲಿ ಹಿಟ್ಟಿನಲ್ಲಿ ಗಾಳಿಯನ್ನು ಹಿಡಿದಿಡುತ್ತದೆ. ಪ್ಯಾನ್‌ಕೇಕಿನಲ್ಲಿಯೂ ಅದೇ ಕೆಲಸ ಮಾಡುತ್ತದೆ. ಇನ್ನೂರು ಗ್ರಾಂ ಹಿಟ್ಟಿಗೆ ಹತ್ತು ಗ್ರಾಂ ಸಾಕು, ಅದಕ್ಕಿಂತ ಹೆಚ್ಚಾದರೆ ಉದ್ದಿನ ವಾಸನೆ ಮೇಲೇಳುತ್ತದೆ.

ಅಕ್ಕಿಯೊಂದೇ ಇದ್ದರೆ ರುಚಿ ಸಪ್ಪೆ. ಬಿಳಿ ಜೋಳದ ಹಿಟ್ಟು, ಅದರಲ್ಲೂ ಉತ್ತರ ಕರ್ನಾಟಕದಿಂದ ಬರುವ ಮಾಲದಂಡಿ ಜೋಳದ್ದು, ಗೋಧಿಯ ರುಚಿಗೆ ಅತ್ಯಂತ ಹತ್ತಿರವಿದೆಯೆಂದು ನನ್ನ ನಾಲಗೆ ಹೇಳುತ್ತದೆ. ರಾಗಿ ನಮ್ಮ ಮನೆಯ ಪ್ರೀತಿಯ ಧಾನ್ಯವಾದರೂ ಒಟ್ಟು ಹಿಟ್ಟಿನ ಕಾಲು ಭಾಗ ದಾಟಿದರೆ ಪ್ಯಾನ್‌ಕೇಕ್ ಭಾರವಾಗುತ್ತದೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದವರು ಗಾಲೆಟ್ ಎಂಬ ತೆಳುದೋಸೆಯನ್ನು ಬಕ್‌ವೀಟ್ ಹಿಟ್ಟಿನಿಂದಲೇ ಮಾಡುತ್ತಾರೆ. ಉತ್ತರ ಭಾರತದವರು ಉಪವಾಸದ ದಿನ ತಿನ್ನುವ ಕುಟ್ಟು ಅದೇ, ಮತ್ತು ಹೆಸರಿನಲ್ಲಿ ವೀಟ್ ಎಂದಿದ್ದರೂ ಅದು ಗೋಧಿಯ ಕುಲದ್ದಲ್ಲ. ಅದರ ಕಹಿಗಂಪು ನನಗೆ ಇಷ್ಟ, ಮಗಳಿಗೆ ಇಲ್ಲ.

ಹತ್ತು ಪ್ಯಾನ್‌ಕೇಕಿಗೆ ನನ್ನ ಅಳತೆ ಹೀಗಿದೆ: ನುಣ್ಣನೆಯ ಅಕ್ಕಿ ಹಿಟ್ಟು 100 ಗ್ರಾಂ, ಜೋಳದ ಹಿಟ್ಟು 60 ಗ್ರಾಂ, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವ ಮೆಕ್ಕೆಜೋಳದ ಬಿಳಿ ಪಿಷ್ಟ 40 ಗ್ರಾಂ, ಉದ್ದಿನ ಹಿಟ್ಟು 10 ಗ್ರಾಂ, ಒಂದು ದೊಡ್ಡ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಇವನ್ನು 275 ಮಿಲಿಲೀಟರ್ ಗಟ್ಟಿ ಮಜ್ಜಿಗೆಯಲ್ಲಿ ಕಲಸಿ ನೆನೆಯಲು ಬಿಡಬೇಕು. ಲೋಟದ ಅಳತೆ ಬೇಡ, ತಕ್ಕಡಿಯಲ್ಲಿ ತೂಗಿರಿ. ಒಂದೊಂದು ಹಿಟ್ಟು ಒಂದೊಂದು ಲೋಟಕ್ಕೆ ಬೇರೆಬೇರೆ ತೂಕ ಬರುತ್ತದೆ. ಅರ್ಧ ಗಂಟೆಯ ನಂತರ ಒಂದು ಮೊಟ್ಟೆ ಮತ್ತು ಕರಗಿಸಿದ 30 ಗ್ರಾಂ ಬೆಣ್ಣೆ ಸೇರಿಸಿ, ಕಾವಲಿ ಕಾದ ಮೇಲಷ್ಟೇ ಒಂದೂವರೆ ಸಣ್ಣ ಚಮಚ ಬೇಕಿಂಗ್ ಪೌಡರ್ ಮತ್ತು ಕಾಲು ಚಮಚ ಅಡುಗೆ ಸೋಡ ಹಾಕಬೇಕು. ಸೋಡವನ್ನು ಮೊದಲೇ ಹಾಕಿದರೆ ಮಜ್ಜಿಗೆಯ ಹುಳಿಯೊಡನೆ ಕೂಡಲೇ ನೊರೆಯೆದ್ದು, ಹಿಟ್ಟು ನೆನೆಯುವಷ್ಟರಲ್ಲಿ ಅದರ ಶಕ್ತಿಯೆಲ್ಲ ಮುಗಿದಿರುತ್ತದೆ. ಮೊಟ್ಟೆ ತಿನ್ನದವರು ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಬಹುದು. ಕೊನೆಗೆ ಸಿಗಬೇಕಾದದ್ದು ಸೆಟ್ ದೋಸೆ ಹಿಟ್ಟಿನ ಹದ. ಮೈದಾ ಹಿಟ್ಟನ್ನು ಹೆಚ್ಚು ಕಲಕಿದರೆ ಗ್ಲುಟೆನ್ ಬಲಿತು ಪ್ಯಾನ್‌ಕೇಕ್ ನಾರುನಾರಾಗುತ್ತದೆ. ಇಲ್ಲಿ ಆ ಭಯವಿಲ್ಲ, ಗಂಟಿಲ್ಲದಂತೆ ಧಾರಾಳವಾಗಿ ಕಲಕಬಹುದು.

ಉರಿ ದೋಸೆಗಿಂತ ಕಡಿಮೆ ಇರಲಿ. ಒಂದು ಸೌಟು ಹುಯ್ದು, ಹರಡದೆ, ಸೆಟ್ ದೋಸೆಯಂತೆ ಮುಚ್ಚಳ ಮುಚ್ಚಿ ಬೇಯಿಸುವುದು ನಾನು ಕಂಡುಕೊಂಡ ಉಪಾಯ. ಮೇಲ್ಭಾಗ ಆವಿಯಲ್ಲಿ ಹೆಪ್ಪುಗಟ್ಟುವುದರಿಂದ ಮಗುಚುವಾಗ ಹರಿಯುವುದಿಲ್ಲ. ಮಗುಚಿದ ಮೇಲೆ ಒತ್ತಬಾರದು. ಇಳಿಸಿದ ತಕ್ಷಣ ಕತ್ತರಿಸಿದರೆ ನಡುಭಾಗ ಹಸಿಯಾಗಿದೆಯೇನೋ ಎನ್ನುವಷ್ಟು ಅಂಟಾಗಿ ಕಾಣುತ್ತದೆ. ಎರಡು ನಿಮಿಷ ತಾಳಿದರೆ ಪಿಷ್ಟ ಗಟ್ಟಿಗೊಂಡು ಸರಿಹೋಗುತ್ತದೆ.

ವಾಫಲ್‌ಗೆ ಇದೇ ಹಿಟ್ಟನ್ನು ಹುಯ್ದರೆ ಮೆತ್ತನೆಯ ವಾಫಲ್ ಸಿಗುತ್ತದೆ, ಗರಿಗರಿ ಬರುವುದಿಲ್ಲ. ಗರಿಗರಿಗೆ ಪಿಷ್ಟವೂ ಜಿಡ್ಡೂ ಹೆಚ್ಚಾಗಬೇಕು. ಜೋಳದ ಹಿಟ್ಟನ್ನು 40 ಗ್ರಾಂಗೆ ಇಳಿಸಿ ಕಾರ್ನ್‌ಫ್ಲೋರನ್ನು 60ಕ್ಕೆ ಏರಿಸುತ್ತೇನೆ, ಬೆಣ್ಣೆಯನ್ನು 75 ಗ್ರಾಂ ಮಾಡುತ್ತೇನೆ, ಮಜ್ಜಿಗೆಯನ್ನು 240 ಮಿಲಿಲೀಟರಿಗೆ ತಗ್ಗಿಸುತ್ತೇನೆ. ಎರಡು ಮೊಟ್ಟೆಗಳ ಹಳದಿಯನ್ನು ಹಿಟ್ಟಿಗೆ ಹಾಕಿ, ಬಿಳಿಯನ್ನು ಬೇರೆಯಾಗಿ ನೊರೆ ನಿಲ್ಲುವವರೆಗೆ ಕಡೆದು ಕೊನೆಯಲ್ಲಿ ಹಗುರವಾಗಿ ಬೆರೆಸುತ್ತೇನೆ. ಯಂತ್ರವನ್ನು ಹತ್ತು ನಿಮಿಷ ಕಾಯಿಸಿರಬೇಕು. ಹುಯ್ದ ಮೇಲೆ ಅದರ ಅಂಚಿನಿಂದ ಹಬೆ ಬರುತ್ತಿರುವವರೆಗೂ ಮುಚ್ಚಳ ತೆರೆಯಬಾರದು: ಹಿಡಿದಿಡುವ ಗ್ಲುಟೆನ್ ಇಲ್ಲದ್ದರಿಂದ ಅರೆಬೆಂದ ವಾಫಲ್ ಎರಡು ಹೋಳಾಗಿ, ಒಂದು ಮೇಲಿನ ತಟ್ಟೆಗೂ ಇನ್ನೊಂದು ಕೆಳಗಿನದಕ್ಕೂ ಅಂಟಿಕೊಳ್ಳುತ್ತದೆ. ನನ್ನ ಯಂತ್ರದಲ್ಲಿ ಆರು ನಿಮಿಷ ಬೇಕು, ಅದರ ದೀಪ ನಾಲ್ಕಕ್ಕೇ ಆರುತ್ತದೆ. ನಾನು ನಂಬುವುದು ಹಬೆಯನ್ನು. ಬೆಂದ ವಾಫಲ್‌ಗಳನ್ನು ಒಂದರ ಮೇಲೊಂದು ಪೇರಿಸದೆ ತಂತಿಯ ಜಾಲರಿಯ ಮೇಲೆ ಹರಡಬೇಕು.

ಹಿಟ್ಟು ಎಲ್ಲಿಂದ ಬಂತು ಎಂಬುದರ ಬಗ್ಗೆ ನಾನು ತುಂಬ ಕಟ್ಟುನಿಟ್ಟು, ಮತ್ತು ಇದನ್ನು ಅತಿಯೆನ್ನುವ ನೆಂಟರ ಮಾತಿಗೆ ನಾನು ಬಗ್ಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಗ್ಲುಟೆನ್‌ರಹಿತ ಎಂದು ಬರೆದ ಆಹಾರದ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಗೋಧಿ ಬೀಸಿದ ಕಲ್ಲಿನಲ್ಲೇ ಮುಂದಿನ ಸರದಿಯ ಜೋಳವನ್ನೂ ಬೀಸುವ ಹಿಟ್ಟಿನ ಗಿರಣಿಯಿಂದ ಅಷ್ಟು ಶುದ್ಧವಾದ ಹಿಟ್ಟನ್ನು ನಿರೀಕ್ಷಿಸುವಂತಿಲ್ಲ. ಆರಂಭದ ದಿನಗಳಲ್ಲಿ ಗಿರಣಿಯಿಂದ ತಂದ ಜೋಳದ ಹಿಟ್ಟಿನ ಪ್ಯಾನ್‌ಕೇಕ್ ತಿಂದ ಮಗಳಿಗೆ ಮತ್ತೆ ಹೊಟ್ಟೆನೋವು ಬಂದ ಮೇಲೆ, ಕಾಳನ್ನು ಆರಿಸಿ, ತೊಳೆದು, ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿಮಾಡಿ ಎರಡು ಸಲ ಜರಡಿ ಹಿಡಿಯುತ್ತೇನೆ. ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಖಾರದ ವಾಫಲ್ ಮಾಡುವವರು ಇಂಗಿನ ಡಬ್ಬಿಯನ್ನೂ ಓದಬೇಕು, ಏಕೆಂದರೆ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಮೈದಾ ವಾಫಲ್ ಮಾಡಿದ ಹಳೆಯ ಯಂತ್ರದ ಗುಳಿಗಳನ್ನು ಪೂರ್ತಿ ಶುಚಿಮಾಡಲಾಗದು. ಸೋದರತ್ತೆಯೇ ಅದನ್ನರಿತು ಮಗಳಿಗೆಂದು ಹೊಸದೊಂದನ್ನು ತಂದುಕೊಟ್ಟರು.

ಈಗ ಭಾನುವಾರ ಎರಡು ಪಟ್ಟು ಹಿಟ್ಟು ಕಲಸುತ್ತೇನೆ. ಉಳಿದ ವಾಫಲ್‌ಗಳು ಪೂರ್ತಿ ಆರಿದ ಮೇಲೆ ನಡುವೆ ಬೆಣ್ಣೆ ಕಾಗದವಿಟ್ಟು ಫ್ರೀಜರಿನಲ್ಲಿ ಇಡುತ್ತೇನೆ. ಬ್ರೆಡ್ ಸುಡುವ ಟೋಸ್ಟರಿಗೆ ಅವುಗಳನ್ನು ಹಾಕುವಂತಿಲ್ಲವಾದ್ದರಿಂದ, ಬುಧವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಮಗಳೇ ದೋಸೆ ಕಾವಲಿಯ ಮೇಲೆ ಅವನ್ನು ಎರಡೂ ಬದಿ ಬಿಸಿಮಾಡಿ, ಮೇಲೆ ಜೋನಿ ಬೆಲ್ಲ ಸುರಿದುಕೊಳ್ಳುತ್ತಾಳೆ.