ಬಣ್ಣ ಕಡಿಮೆಯಾದ ಗೋಬಿ

ನಿನ್ನೆ ಸಂಜೆ ಮಗಳ ಜೊತೆ ನಮ್ಮ ಬೀದಿಯ ಗೋಬಿ ಗಾಡಿಗೆ ಹೋಗಿದ್ದೆ. "ಅಮ್ಮಾ, ಈಗ ಬೆರಳು ಕೆಂಪಾಗಲ್ಲ ನೋಡು" ಅಂದಳು. ನಿಜ, ತಟ್ಟೆಯ ಅಂಚಿನಲ್ಲೂ ಆ ಕಡುಕೆಂಪು ಎಣ್ಣೆ ಇರಲಿಲ್ಲ. ಗಾಡಿಯ ಅಣ್ಣ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿದ ಡಬ್ಬ ತೆಗೆದು ತೋರಿಸಿದರು. "ಇಷ್ಟೇ ಅಕ್ಕಾ, ಬೇರೆ ಬಣ್ಣ ಹಾಕಲ್ಲ."

2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಣ್ಣದ ಬಾಂಬೆ ಮಿಠಾಯಿ ಮಾರಬಾರದು ಅಂತ ಆದೇಶ ಮಾಡಿತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಬಂತು. ಮಿಠಾಯಿಯಲ್ಲಿ ಸಿಕ್ಕಿದ್ದ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ! ಜಾತ್ರೆಯಲ್ಲಿ ನಾವೇ ಕೊಡಿಸುತ್ತಿದ್ದೆವು ಅಲ್ವಾ? ನೆನೆದರೆ ಹೊಟ್ಟೆ ಕಲಸುತ್ತದೆ.

ಅಣ್ಣನಿಗೆ ಥ್ಯಾಂಕ್ಸ್ ಹೇಳಿ, ಅತ್ತೆಗೂ ಒಂದು ಪ್ಲೇಟ್ ಕಟ್ಟಿಸಿಕೊಂಡು ಬಂದೆ.